ಬುಧ ಎರಡು ಬೆರಳು ಸರಿದಿದೆ

ಗುರುವಾರ, ಆಗಸ್ಟ್ ೮

ಇವತ್ತೂ ಬುಧ ಎರಡು ಬೆರಳು ಮುಂದೆ ಸರಿದಿದೆ. ಶಾಲೆಯ ಕಾರಿಡಾರಿನ ಹಲಗೆಯ ಮೇಲೆ ನಾನೇ ಗುಂಡುಸೂಜಿ ಚುಚ್ಚಿ ನಿಲ್ಲಿಸಿದ ಸೌರಮಂಡಲ ಅದು. ಮೊದಲು ಏಳನೇ ಕ್ಲಾಸಿನವರ ಮೇಲೆ ಅನುಮಾನ ಬಂತು, ಆಮೇಲೆ ಗಣಿತದ ಮೇಷ್ಟ್ರ ಮೇಲೆ. ಆ ಮನುಷ್ಯ ಕಾರಣವಿಲ್ಲದೆ ನಗುತ್ತಾರೆ. ಆದರೆ ಕಿಡಿಗೇಡಿಗಳಾಗಿದ್ದರೆ ಶನಿಯ ಬಳೆಯನ್ನು ಬಿಡುತ್ತಿದ್ದರೇ? ಬೇಗ ಸುತ್ತುವ ಬುಧ ಮಾತ್ರ ಸರಿದಿದೆ, ನಿಧಾನದ ಶನಿ ಕದಲಿಯೇ ಇಲ್ಲ. ಇದು ಪಾಠ ಗೊತ್ತಿರುವವರದೇ ಕೆಲಸ.

ಎಲ್ಲವನ್ನೂ ಅಂಟಿಸಿಬಿಡೋಣವೆಂದು ಸಂಜೆ ಗೋಂದು ಹಿಡಿದು ಹೋದರೆ, ಸಿಕ್ಕಿಬಿದ್ದವರು ಕಸ ಗುಡಿಸುವ ಆಯಮ್ಮ. ಕೈಯಲ್ಲಿ ಬುಧ.

“ನೀವೇ ಹೇಳಿದ್ರಲ್ಲ ಟೀಚರ್, ಸೂರ್ಯ ಎಳೀತಾನೇ ಇರ್ತಾನೆ, ಓಡೋದು ನಿಲ್ಸಿದ್ರೆ ಅವನೊಳಗೆ ಬಿದ್ದೋಗ್ತವೆ ಅಂತ? ಬಾಗಿಲ ಹೊರಗೆ ಗುಡಿಸ್ತಾ ಕೇಳಿಸ್ಕೊಂಡೆ. ಅದಕ್ಕೇ ದಿನಾ ಒಂಚೂರು ತಳ್ತೀನಿ.”

“ಮತ್ತೆ ಶನಿ?”

“ಅವನು ಮಹಾ ಸೋಮಾರಿ. ವರ್ಷಕ್ಕೊಂದ್ಸಲ ಮುಟ್ಟಿದ್ರೆ ಸಾಕು.”

ಪಾಠವನ್ನು ಗಿಳಿಯಂತೆ ಒಪ್ಪಿಸುವ ನಲವತ್ತು ಮಕ್ಕಳಲ್ಲಿ ಒಬ್ಬರೂ ಬುಧ ಯಾಕೆ ನಿಂತೇ ಇದೆ ಎಂದು ಕೇಳಿರಲಿಲ್ಲ. ಗೋಂದು ಮತ್ತೆ ಚೀಲ ಸೇರಿತು. ಈಗ ಬೇರೆಯೇ ಅನುಮಾನ: ಹನ್ನೊಂದು ವರ್ಷದಿಂದ ಮಾಡುತ್ತಿರುವ ಈ ಪಾಠ, ಬಾಗಿಲ ಒಳಗೆ ಯಾರಿಗಾದರೂ ಕೇಳಿಸಿದೆಯೇ?