ಕರೆಂಟು ತೆಗೆದ ನೀರು

ನನ್ನವ್ವಾ,

ಗೊರೇಬಾಳದ ನಮ್ಮ ಗದ್ದೆಯ ಬದುವಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಕೊಯ್ಲು ಮುಗಿದಿದೆ. ನೀನಿದ್ದಿದ್ದರೆ ನಾನು ಮಸ್ಕಿಯ ಶಾಲೆಯಿಂದ ಬಂದು ಬಸ್ಸಿಳಿದ ಕೂಡಲೇ ಊರಿನ ಸುದ್ದಿಯೆಲ್ಲ ನಿನ್ನ ಬಾಯಿಂದಲೇ ಕೇಳಬೇಕಾಗುತ್ತಿತ್ತು. ಈ ಸಲ ಹೇಳುವವಳು ನಾನು. ನಡುವೆ ಬಾಯಿ ಹಾಕದೆ ಕೇಳುತ್ತೀಯಾ?

ಕಾಲುವೆಯ ದಂಡೆಗೆ ಜೀಪು ಬಂದ ದಿನ ನೆನಪಿದೆಯಲ್ಲ? ನಮ್ಮ ಹೊಲದ ಮೇಲ್ಗಡೆ ಕಾಲುವೆಯ ನೀರು ಎತ್ತರದಿಂದ ಧುಮುಕುವ ಜಾಗದಲ್ಲಿ ಟೇಪು ಹಿಡಿದು ಅಳೆದರು. ಅಲ್ಲೊಂದು ಸಣ್ಣ ಪವರ್ ಹೌಸ್ ಕಟ್ಟುತ್ತಾರಂತೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ನಮ್ಮ ಪಕ್ಕದ ಹೊಲದ ಬಸಣ್ಣ ಕಾಕಾ ನಮ್ಮ ಕಟ್ಟೆಗೆ ಬಂದು ಕೂತು, "ಯಕ್ಕಾ, ಹಾಲಾಗಿನ ಬೆಣ್ಣಿ ತೆಗೆದ್ರ ಏನುಳಿತೈತಿ? ನೀರಾಗಿನ ಕರೆಂಟು ತೆಗೆದ್ರೂ ಹಂಗ. ಅಂಥಾ ನೀರಿಗೆ ನೆಲ್ಲು ಎಲ್ಲಾ ಜೊಳ್ಳಾಗ್ತಾವ" ಅಂದ. ನೀನು ಕಾಲುವೆಯ ಕಡೆ ನೋಡಿ, "ಮೊದಲ ಹಾಳಾಗೋದು ನನ್ನ ಹೊಲ" ಅಂದೆ. ಅಪ್ಪ ಸತ್ತ ಮೇಲೆ ಆ ಒಂದು ಹೊಲದಲ್ಲಿ ಭತ್ತ ಬೆಳೆದು ನನ್ನನ್ನು ಓದಿಸಿ ಟೀಚರ್ ಮಾಡಿದವಳು ನೀನು. ನಿನ್ನ ಹೆದರಿಕೆ ನನಗೆ ಅರ್ಥವಾಗದಿದ್ದೀತೆ?

ಕೆಲಸ ಶುರುವಾದ ಬೆಳಿಗ್ಗೆ ನೀನು ಊರಿನ ಹೆಂಗಸರನ್ನೆಲ್ಲ ಕರೆದುಕೊಂಡು ಹೋಗಿ ದಂಡೆಯ ಮೇಲೆ ಸಾಲಾಗಿ ಕೂರಿಸಿದ್ದೆ. ರೊಟ್ಟಿ ಬುತ್ತಿಯ ಸಮೇತ! ಎಂಜಿನಿಯರು ಲಿಂಗಸುಗೂರಿನ ಹುಡುಗ. ಸಿಟ್ಟಿಗೇಳಲಿಲ್ಲ, ಬಂದು ನಿನ್ನೆದುರು ಮಣ್ಣಲ್ಲೇ ಕೂತ.

"ಅಮ್ಮಾ, ನೀರು ಬಿದ್ದ ರಭಸಕ್ಕ ಚಕ್ರ ತಿರಗ್ತೈತ್ರೀ. ನೀರಾಗಿಂದ ಏನೂ ತಗೊಳ್ಳಂಗಿಲ್ಲ."

"ನೀ ಹೇಳ್ತಿ ಖರೆ. ನಾ ಹೆಂಗ ನಂಬಲಿ?"

"ನಂಬಬ್ಯಾಡ್ರಿ. ಮುನಿರಾಬಾದಿನ ಡ್ಯಾಮಿಗೆ ಹೋಗಿ, ಅಲ್ಲಿ ಇಂಥಾ ಚಕ್ರ ತಿರಗೋದನ್ನ ಕಣ್ಣಾರೆ ನೋಡಿ ಬರ್ರಿ. ಅಲ್ಲೀತನ ನಾವು ಸಲಿಕಿ ಮುಟ್ಟಂಗಿಲ್ಲ."

ಮುಂದಿನ ಭಾನುವಾರ ನೀನು ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ಡ್ಯಾಮಿನ ಬುಡದ ಪವರ್ ಹೌಸಿನೊಳಗೆ ಕಾಲಿಟ್ಟಾಗ ನೆಲ ಗುಂಯ್ ಎಂದು ನಡುಗುತ್ತಿತ್ತು. ನೀನು ನನ್ನ ಕೈ ಬಿಗಿಯಾಗಿ ಹಿಡಿದೆ. ಹಿಂಬದಿಗೆ ಬಂದರೆ, ಅದೇ ಚಕ್ರಗಳಡಿಯಿಂದ ನೀರು ಬೆಳ್ಳಗೆ ನೊರೆಗಟ್ಟಿ ಕಾಲುವೆಗೆ ನುಗ್ಗುತ್ತಿತ್ತು. ಅಲ್ಲಿ ನಿಂತಿದ್ದ ಕೆಲಸಗಾರನನ್ನು ನೀನು ಕೇಳಿದೆ: "ಈ ಕಾಲುವಿ ಎಲ್ಲಿಗೆ ಹೋಗ್ತೈತಪಾ?"

"ಗಂಗಾವತಿ, ಕಾರಟಗಿ, ಸಿಂಧನೂರು... ನಿಮ್ಮ ಕಡೀಗೇ ಬರ್ತೈತ್ರೀ ಅಮ್ಮಾ. ಭಾಳ ವರ್ಷದಿಂದ."

ನೀನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. "ಹಂಗಾರ ಶಾಂತಾ, ನೀ ಹುಟ್ಟೋಕ್ಕಿಂತ ಮೊದಲಿಂದ ನಾವು ಕರೆಂಟು ತೆಗೆದ ನೀರಿನ ಅನ್ನಾನ ಉಣ್ಣಾಕತ್ತೀವೇನ?" ಎಂದವಳೇ ನಗತೊಡಗಿದೆ. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅಪ್ಪ ಹೋದ ಮೇಲೆ ನೀನು ಹಾಗೆ ನಕ್ಕಿದ್ದನ್ನು ನಾನು ನೋಡಿರಲೇ ಇಲ್ಲ ಅವ್ವಾ.

ಊರಿಗೆ ಮರಳಿದ ಸಂಜೆ ಕಷ್ಟದ್ದು. ಇಂಥ ಮಾತು ನಾಲ್ಕು ದಿನ ಬಿಟ್ಟು ಹೇಳು ಎಂದು ನಾನು ಅಂದೆ. ನೀನು, "ನಾ ಕೂಡಿಸಿದ ಮಂದೀನ ನಾನ ಎಬ್ಬಿಸಬೇಕು" ಅಂದು ಮನೆ ಮನೆಗೆ ಹೊರಟೆ. ಕೆಲವರು ನಕ್ಕರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಬಸಣ್ಣ ಕಾಕಾ, "ಯಾರೋ ನಿನ್ನ ತಲಿ ತಿರುವ್ಯಾರ ಯಕ್ಕಾ" ಎಂದು ಎದ್ದು ಒಳಗೆ ಹೋದ. ಅವತ್ತಿನಿಂದ ಮಾತು ಬಿಟ್ಟ. ಅವನನ್ನು ಚಿಕ್ಕವನಿದ್ದಾಗಿನಿಂದ ತಮ್ಮನ ಹಾಗೆ ಕಂಡಿದ್ದ ನಿನಗೆ ಅದರಿಂದ ಎಷ್ಟು ನೋವಾಯಿತೋ...

ಹಗಲು ಹೊತ್ತಿನಲ್ಲಿ ಬೀದಿದೀಪ ಉರಿಯುವುದನ್ನು ಕಂಡರೆ ನಿನಗೆ ಮೈಯುರಿಯತೊಡಗಿದ್ದೂ ಮುನಿರಾಬಾದಿನಿಂದ ಬಂದ ಮೇಲೆಯೇ. "ಸೂರ್ಯಾಗ ದೀಪ ತೋರಸಾಕತ್ತಾರ!" ಎಂದು ಪಂಚಾಯ್ತಿಯವರನ್ನು ಮನೆಯಿಂದ ಎಬ್ಬಿಸಿ ಆರಿಸುತ್ತಿದ್ದೆ. ರಾಯಚೂರಿನ ಕಡೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆಂದು ಎಂಜಿನಿಯರು ಹೇಳಿದ್ದನ್ನು ಎಲ್ಲರಿಗೂ ಹೇಳುತ್ತಿದ್ದೆ: "ಅಲ್ಲಿ ನೆಲದಾಗಿಂದು ತೆಗೆದು ಸುಡಬೇಕು. ಇಲ್ಲಿ ನೀರು ಹೆಂಗೂ ಬೀಳ್ತೈತಿ, ಆಮ್ಯಾಲೆ ಹೊಲಕ್ಕೂ ಬರ್ತೈತಿ." ನನ್ನ ಶಾಲೆಯ ಮಕ್ಕಳಿಗೆ ನಾನು ಈಗಲೂ ನಿನ್ನ ಈ ಮಾತನ್ನೇ ಹೇಳುವುದು.

ಕಟ್ಟಡದ ಗೋಡೆ ಎದ್ದಾಗ ನೀನಿದ್ದೆ. ಯಂತ್ರ ಬರುವಷ್ಟರಲ್ಲಿ ಇರಲಿಲ್ಲ. ಎದೆನೋವೆಂದವಳನ್ನು ಸಿಂಧನೂರಿನ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ... ಬಸಣ್ಣ ಕಾಕಾ ಬಂದು ನಿನ್ನ ಹೆಣಕ್ಕೆ ಹೆಗಲು ಕೊಟ್ಟ. ಆದರೆ ನನ್ನೊಡನೆ ಮಾತಾಡಲಿಲ್ಲ.

ಚಕ್ರ ತಿರುಗಿದ ದಿನ ನೀನು ನೋಡಬೇಕಿತ್ತು. ತೂಬಿನ ಬಾಗಿಲು ಎತ್ತಿದರು, ಒಳಗೆ ಮುನಿರಾಬಾದಿನದೇ ಗುಂಯ್ ಸದ್ದು, ಸಣ್ಣದಾಗಿ. ನೀರು ಈಚೆ ಬಂದು ನಮ್ಮ ಗದ್ದೆಗೆ ಹರಿಯಿತು. ಜನ ಮಾತ್ರ ದೂರವೇ ನಿಂತರು. ಆ ಹಂಗಾಮಿಗೆ ಬಸಣ್ಣ ಕಾಕಾ ಭತ್ತ ಹಚ್ಚಲೇ ಇಲ್ಲ, ಜೋಳ ಬಿತ್ತಿದ. ನಮ್ಮಲ್ಲಿ ಸಸಿ ಹಚ್ಚಿಸಿದವಳು ನಾನು. ಶನಿವಾರ ಶಾಲೆ ಬಿಟ್ಟ ಕೂಡಲೇ ಓಡಿ ಬರುತ್ತಿದ್ದೆ. ಮುನಿರಾಬಾದನ್ನು ಕಣ್ಣಾರೆ ಕಂಡಿದ್ದರೂ ತೆನೆ ಹಾಲು ತುಂಬುವಾಗ ಕಾಳು ಹಿಸುಕಿ ಹಿಸುಕಿ ನೋಡುತ್ತಿದ್ದೆ. ನಿನ್ನ ಮಾತು ಸುಳ್ಳಾದರೆ? ನೀನಿಲ್ಲದಾಗ ಊರು ನಿನ್ನನ್ನು ಆಡಿಕೊಂಡರೆ?

ತೆನೆ ತುಂಬಿ ಬಾಗಿತು ಅವ್ವಾ. ಎಂದಿನ ಹಾಗೆಯೇ, ಒಂದು ಕಾಳೂ ಕಡಿಮೆಯಿಲ್ಲದೆ.

ಇಂದು ಬೆಳಿಗ್ಗೆ ರಾಶಿಯ ಹತ್ತಿರ ಯಾರೋ ನಿಂತಂತಾಯಿತು. ತಿರುಗಿದರೆ ಬಸಣ್ಣ ಕಾಕಾ. ಒಂದು ಹಿಡಿ ಭತ್ತ ಎತ್ತಿಕೊಂಡ, ಉಗುರಿನಿಂದ ಒಂದೊಂದೇ ಕಾಳು ಸುಲಿದು ನೋಡಿದ, ಬಾಯಿಗೆ ಹಾಕಿ ಅಗಿದ.

"ಶಾಂತಾ, ಬೀಜಕ್ಕ ಒಂದು ಚೀಲ ತೆಗೆದಿಡವ್ವಾ" ಅಂದ.

"ಯಾರಿಗೆ ಕಾಕಾ?"

"ನನಗ. ಬರೋ ಹಂಗಾಮಿಗೆ ನನ್ನ ಹೊಲಕ್ಕ ಯಕ್ಕನ ನೆಲ್ಲು ಹಚ್ತೀನಿ."