ಹೆಸರು ಕೂಗದ ಕೋರ್ಟು

ಹಾಸ್ಟೆಲ್, ರೂಮ್ ೧೪
ಮಾರ್ಚ್ ೫, ಗುರುವಾರ

ಅಮ್ಮಾ,

ಹೇಗಿದ್ದೀಯ ಅಂತ ಕೇಳಿ ಶುರು ಮಾಡಬೇಕು, ಗೊತ್ತು. ಆದರೆ ಮೊದಲು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಸಾಲುವುದಿಲ್ಲ. ಬರುವ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ನೀನು ನನ್ನ ಜೊತೆ ಮಕ್ಕಳ ಕೋರ್ಟಿಗೆ ಬರಬೇಕು. ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಯಿಸಿಕೊ.

ಜನವರಿಯಲ್ಲಿ ನಾನು ರೂಮ್‌ಮೇಟ್‌ಳ ಸ್ಕೂಟರ್ ಓಡಿಸಲು ಹೋಗಿ ಪೋಸ್ಟ್‌ಮ್ಯಾನ್ ಸೈಕಲ್ಲಿಗೆ ಗುದ್ದಿದೆ. ಅವರ ಮಣಿಕಟ್ಟು ಮುರಿಯಿತು. ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ. ನನಗೆ ಲೈಸೆನ್ಸ್ ಇಲ್ಲ, ಹದಿನೆಂಟೂ ಆಗಿಲ್ಲ. ಕೋರ್ಟಿನವರು ಹೋದ ತಿಂಗಳು ಇಪ್ಪತ್ತಕ್ಕೆ ಡೇಟ್ ಕೊಟ್ಟು, ಮನೆಯ ದೊಡ್ಡವರನ್ನು ಕರೆದುಕೊಂಡು ಬಾ ಅಂದಿದ್ದರು. ನಾನೊಬ್ಬಳೇ ಹೋದೆ.

ನಂಬು, ತಪ್ಪಿಸಿಕೊಳ್ಳಲಿಲ್ಲ. ಹತ್ತಕ್ಕೇ ಹೋಗಿ ವರಾಂಡದ ಬೆಂಚಿನ ತುದಿಯಲ್ಲಿ ಕೂತೆ. ಒಂದನೇ ಕ್ಲಾಸಿನಿಂದ ಹಾಸ್ಟೆಲ್ಲಲ್ಲಿ ಬೆಳೆದವಳು, ಹೆಸರು ಕರೆದರೆ "ಪ್ರೆಸೆಂಟ್" ಅನ್ನುವುದಷ್ಟೇ ಗೊತ್ತು. ನಾಲ್ಕರವರೆಗೂ ನನ್ನ ಹೆಸರು ಬರಲೇ ಇಲ್ಲ. ಕೇಸ್ ಮುಂದಕ್ಕೆ ಹೋಗಿರಬೇಕು ಅಂದುಕೊಂಡು ಬಸ್ ಹತ್ತಿದೆ. ಆಮೇಲೆ ಗೊತ್ತಾಯಿತು, ಅಲ್ಲಿ ಮಕ್ಕಳ ಹೆಸರು ಕೂಗುವುದಿಲ್ಲವಂತೆ, ಮರ್ಯಾದೆ ಉಳಿಯಲಿ ಅಂತ ಬರೀ ಕೇಸ್ ನಂಬರ್ ಕೂಗುತ್ತಾರಂತೆ. ನನ್ನದನ್ನು ಮೂರು ಸಲ ಕೂಗಿದರು. ಯಾರೋ ಪಾಪ, ಬಂದೇ ಇಲ್ಲ ಅಂದುಕೊಂಡು ಕೂತಿದ್ದೆ.

ಗೈರುಹಾಜರಿ ಅಂತ ಬರೆದು, ನನ್ನನ್ನು ಹಿಡಿದು ತರಲು ಆರ್ಡರ್ ಆಯಿತು. ಮೊನ್ನೆ ಮಫ್ತಿಯಲ್ಲಿ ಒಬ್ಬರು ಪೊಲೀಸ್ ಅಕ್ಕ ನೇರ ಕೆಮಿಸ್ಟ್ರಿ ಲ್ಯಾಬಿಗೇ ಬಂದರು. ಬೈಯಲಿಲ್ಲ, ಕೈ ತೊಳೆದುಕೊಂಡು ಬಾ ಅಂದರು. ಇಡೀ ಬ್ಯಾಚ್ ನೋಡಿತು.

ಕೋರ್ಟಿನಲ್ಲಿ ಬೆಂಚಿನ ಕಥೆಯನ್ನೆಲ್ಲ ಹೇಳಿದೆ. ಮ್ಯಾಜಿಸ್ಟ್ರೇಟ್ ಮೇಡಂ ಕನ್ನಡಕ ತೆಗೆದು, "ಕೂತಿದ್ದೆ ಅಂತ ಒಪ್ತೀನಮ್ಮ. ಜೊತೇಲಿ ದೊಡ್ಡೋರು ಒಬ್ರು ಇದ್ದಿದ್ರೆ ಎದ್ದು ಕೇಳಿರೋರು" ಅಂದರು. ಬುಧವಾರ ನಮ್ಮವರು ಯಾರಾದರೂ ಬಂದು ಸಹಿ ಹಾಕಿದರೆ ಎಚ್ಚರಿಕೆ ಕೊಟ್ಟು ಬಿಡುತ್ತಾರಂತೆ. ವಾರ್ಡನ್ ಸಹಿ ನಡೆಯುವುದಿಲ್ಲ, ಸ್ವಂತದವರೇ ಬೇಕು. ಬರದಿದ್ದರೆ, ಯಾರಾದರೂ ಬರುವವರೆಗೆ ಬಾಲಮಂದಿರ. ಮರುದಿನ ಗುರುವಾರ ಪರೀಕ್ಷೆಯ ಮೊದಲ ಪೇಪರ್. ಅದು ತಪ್ಪಿದರೆ ವರ್ಷವೇ ಹೋಯಿತು.

ಫೋನ್ ಮಾಡಬಹುದಿತ್ತು. ಆದರೆ ನೀನು "ಹೂಂ" ಅಂದು ಸುಮ್ಮನಾಗಿಬಿಟ್ಟರೆ ನನಗೆ ಅಳು ಬರುತ್ತದೆ, ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರೆ. ಪೋಸ್ಟ್ ಆಫೀಸಿಗೆ ಹೋಗಲು ಮುಖ ಇಲ್ಲ, ಕೊರಿಯರ್ ಮಾಡುತ್ತಿದ್ದೇನೆ.

ಬಾ ಅಮ್ಮ.

ನಿನ್ನ
ಪುಟ್ಟಿ

ತಾ.ಕ.: ಗುರುತಿನ ಚೀಟಿ ಮರೆಯದೆ ತಾ. ಡೇಟ್ ಕೊಟ್ಟ ದಿನ ಕೋರ್ಟಿನಲ್ಲಿ ಒಂದು ಫಾರ್ಮ್ ತುಂಬಿಸಿದ್ದರು. ಅಪ್ಪನ ಕಾಲಂನಲ್ಲಿ ಎಂದಿನಂತೆ ಗೀಟು ಎಳೆದೆ. ನಿನ್ನದರಲ್ಲಿ "ತೀರಿಕೊಂಡಿದ್ದಾರೆ" ಅಂತ ಬರೆದೆ, ನಿನಗೆ ಫೋನ್ ಹೋಗದಿರಲಿ ಅಂತ, ಅಷ್ಟೇ. ಅದನ್ನು ಓದಿ ಗುಮಾಸ್ತೆ ಆಂಟಿ ತಮ್ಮ ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದುಕೊಟ್ಟರು. ಆಮೇಲೆ ತಿದ್ದಲು ಆಗಲಿಲ್ಲ. ಬುಧವಾರ ಬಾಗಿಲಲ್ಲಿ ನೀನು ಯಾರು ಅಂತ ಕೇಳುವವರು ಅವರೇ.