ಗುವಾಹಟಿಯ ಕೋರ್ಟಿನ ಗಾಳಿ

ತಂಗಿ ಬೋರಮ್ಮನಿಗೆ, ಗುವಾಹಟಿಯಿಂದ ಅಣ್ಣನ ಆಶೀರ್ವಾದ.

ಮಂಡಿ ನೋವೆಂದು ಒಂದು ವರ್ಷ ಆಟ ನಿಲ್ಲಿಸಿದ್ದ ನಮ್ಮ ಮೊಮ್ಮಗಳು ಧನುಶ್ರೀ, ಇವತ್ತಿನ ಪಂದ್ಯ ಸೋತರೆ ಬ್ಯಾಡ್ಮಿಂಟನ್ನೇ ಬಿಡುತ್ತೇನೆಂದು ಹಟ ಹಿಡಿದಿದ್ದಳು. ಕೋಚ್ ಬಂದಿರಲಿಲ್ಲ. ಅವರ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದಳು! ಮೊದಲ ಗೇಮ್ ಸೋತಳು. ಹೊಡೆದ ಶಟಲ್ಲೆಲ್ಲ ಪಕ್ಕದ ಗೆರೆ ದಾಟಿ ಬೀಳುತ್ತಿತ್ತು. ನಮ್ಮ ಮರಳವಾಡಿಯ ರೇಷ್ಮೆಹುಳದ ಮನೆಯಲ್ಲಿ ಗಾಳಿ ನೋಡುವ ಹಾಗೆ, ಟವೆಲ್ಲಿನಿಂದ ಒಂದು ಎಳೆ ಕಿತ್ತು ಎತ್ತಿ ಹಿಡಿದೆ. ಅದು ಒಂದೇ ಕಡೆಗೆ ವಾಲಿತು. ವಿರಾಮದಲ್ಲಿ ಅವಳು ಬಂದಾಗ, "ಬಾಗಿಲ ಕಡೆಯಿಂದ ಎ.ಸಿ. ಗಾಳಿ ಬತ್ತೈತೆ ಕಣವ್ವ. ಒಸಿ ಬಾಗಿಲ ಕಡೀಕೇ ಹೊಡಿ" ಎಂದೆ.

"ಇದೇನ್ ತಾತ, ಹುಳದ ಮನೆ ಅನ್ಕಂಡ್ಯಾ?" ಎಂದು ನಕ್ಕಳು. ಆದರೂ ಹಾಗೇ ಹೊಡೆದು ಉಳಿದೆರಡು ಗೇಮನ್ನೂ ಗೆದ್ದಳು.

ಬಿ.ಪಿ. ಮಾತ್ರೆ ಮರೆತಿಲ್ಲ, ಆರೋಗ್ಯವಾಗಿದ್ದೇನೆ. ಮುಂದಿನ ತಿಂಗಳು ಪುಣೆಯಲ್ಲೂ ಆಡುತ್ತಾಳಂತೆ, ಜೊತೆಗೆ ನಾನೇ ಬರಬೇಕಂತೆ. ಆದ್ದರಿಂದ ಮುಂದಿನ ರೇಷ್ಮೆ ಬೆಳೆಗೂ ಹುಳಕ್ಕೆ ಸೊಪ್ಪು ಹಾಕುವ ಕೆಲಸ ನಿನ್ನದೇ, ಬೈಯಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು,
ದಾಸಪ್ಪ